ಬಾತಿ ದಾಟಿದ ಮೇಲೆ ಟೈ

ಮೊದಲೇ ಹೇಳಿಬಿಡುತ್ತೇನೆ, ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೈಸೂರಿನಿಂದ ದಾವಣಗೆರೆಗೆ ಸೊಸೆಯಾಗಿ ಬಂದು ನನಗಿನ್ನೂ ಮೂರು ವರ್ಷ ತುಂಬಿಲ್ಲ. ಆಗಲೇ ಆ ಮೊದಲ ಟೈ ಕಡುನೀಲಿಯೋ ಕಪ್ಪೋ ಎಂಬುದು ಕಲಸಿಹೋಗಿದೆ. ಕಂಡ ದೃಶ್ಯ ಮಾತ್ರ ಹಾಗೇ ಇದೆ: ಹಣೆಯಲ್ಲಿ ಮೂರು ಬೆರಳಿನ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಷರಾಯಿಯ ಜೇಬಿನಲ್ಲಿ ಕದ್ದ ಮಾಲಿನಂತೆ ತುರುಕಿದ ಟೈ. ನನ್ನ ಗಂಡ ಹಾಗೆ ಹೊಸ್ತಿಲು ದಾಟಿ ಹರಿಹರದ ಕಾರ್ಖಾನೆಗೆ ಹೊರಟಿದ್ದರು. ಬಸ್ಸು ಊರಾಚೆಯ ಬಾತಿ ಹಳ್ಳಿ ದಾಟಿದ ಮೇಲೆ ಅದನ್ನು ಕಟ್ಟಿಕೊಳ್ಳುತ್ತಾರೆ, ಸಂಜೆ ಬಾತಿ ಬರುವ ಮೊದಲೇ ಬಿಚ್ಚುತ್ತಾರೆ ಎಂದು ತಿಳಿದಾಗ, ಎಂಥ ಊರಿಗೆ ಬಂದೆ ಎಂದು ದಿಗಿಲಾಯಿತು.

ಮೈಸೂರಿನ ನಮ್ಮ ಮನೆಯಲ್ಲಿ ಟೈ ಬಚ್ಚಿಡುವ ವಸ್ತುವಾಗಿರಲಿಲ್ಲ. ಅಪ್ಪ ಕಾಲೇಜಿಗೆ ಪಾಠ ಹೇಳಲು ಹೊರಡುವಾಗ ಗಂಟು ಹಾಕುವ ಕೆಲಸ ನನ್ನದು. ಗಂಟಿನ ಕೆಳಗೆ ಬೆರಳಿನಿಂದ ಒತ್ತಿ ಸಣ್ಣ ಕುಳಿ ಮಾಡಬೇಕು, ತುದಿ ಬೆಲ್ಟಿನ ಬಕಲ್ ಮುಟ್ಟಬೇಕು, ಟೈ ಅಂಗಿಗಿಂತ ಗಾಢವಾಗಿರಬೇಕು. ಎಂ.ಎ.ಗಿಂತ ಎಷ್ಟೋ ಮೊದಲು ಕಲಿತ ಪಾಠಗಳಿವು. ಇಲ್ಲಿ ಮಾವನವರದು ಹತ್ತಿ ವ್ಯಾಪಾರ. ಮಗ ಮಂಡಿಯ ಗಾದಿ ಬಿಟ್ಟು ನೌಕರಿ ಹಿಡಿದದ್ದೇ ಅವರಿಗೆ ನುಂಗಲಾರದ ತುತ್ತು.

"ಕೊರಳಾಗ ಲಿಂಗ ಐತೆ. ಅದರ ಮ್ಯಾಲೆ ಇನ್ನೊಬ್ಬರ ದಾರ ಯಾಕ ಬೇಕು?" ಎಂದಿದ್ದರಂತೆ. ಕಾರ್ಖಾನೆಯಲ್ಲಿ ಇವರ ಹುದ್ದೆಗೆ ಟೈ ಕಡ್ಡಾಯ. ಹಾಗಾಗಿ ಜೇಬು.

ಮುದುಡಿದ ಟೈ ನೋಡಲಾರದೆ ನಾನೇ ಕೈ ಹಾಕಿದೆ. ಬೆಳಿಗ್ಗೆ ನನ್ನ ಕೊರಳಿಗೇ ಕಟ್ಟಿಕೊಂಡು, ಗಂಟು ತಿದ್ದಿ, ಸಡಿಲಿಸಿ ತೆಗೆದು, ಮೆತ್ತಗೆ ಸುತ್ತಿ ಕೊಡುತ್ತಿದ್ದೆ. ಬಸ್ಸಿನಲ್ಲಿ ತಲೆಯಿಂದ ಇಳಿಸಿ ಬಿಗಿದರಾಯಿತು. ಆದರೂ ಸಂಜೆಗೆ ಅದರ ಮೇಲೆ ಬಿಳಿ ಪುಡಿ. ಇಲ್ಲಿನ ಒಣಗಾಳಿಗೆ ಹಣೆಯ ವಿಭೂತಿ ಉದುರುತ್ತಿತ್ತು. ಅಪ್ಪನ ಗಾಢ ಬಣ್ಣದ ಪಾಠ ಈ ಊರಿಗೆ ಹೊಂದಲಿಲ್ಲ. ಪೇಟೆಯಲ್ಲಿ ಹುಡುಕಿ ಬೂದುಬಣ್ಣದ ತೆಳು ರೇಷ್ಮೆಯದೊಂದನ್ನು ಆರಿಸಿದೆ.

"ಅಕ್ಕಾರೆ, ಇದು ಮುದುಕರ ಬಣ್ಣ. ಕೆಂಪು ಒಯ್ರಿ, ಯಜಮಾನ್ರಿಗೆ ಕಳೆ ಬರ್ತೈತೆ," ಎಂದ ಅಂಗಡಿಯವನು.

"ಕಳೆ ಬ್ಯಾಡ್ರಿ, ಇದೇ ಇರಲಿ," ಎಂದೆ. "ಬ್ಯಾಡ್ರಿ" ನನ್ನ ಬಾಯಿಂದಲೇ ಬಂದದ್ದಕ್ಕೆ ದಾರಿಯುದ್ದಕ್ಕೂ ನಗು.

ಹೋದ ತಿಂಗಳು ಮಾವನವರು ಹತ್ತಿ ನೋಡಲು ಬಾತಿಯ ಆಚೆಯ ಹೊಲವೊಂದಕ್ಕೆ ಹೋಗಿದ್ದರು. ಅಲ್ಲಿಂದ ಹರಿಹರಕ್ಕೆ ಹೋಗಲು ಅವರು ಕೈಯೆತ್ತಿ ನಿಲ್ಲಿಸಿದ್ದು ಇವರಿದ್ದ ಬಸ್ಸನ್ನೇ. ಹತ್ತಿದವರು ಮಗನ ಪಕ್ಕದಲ್ಲೇ ಕೂತರು. ಟೈ ಕೊರಳಲ್ಲಿತ್ತು. ಮುಂದಿನದು ಇವರು ಹೇಳಿದ್ದು. ಹೇಳುವಾಗ ಇವರು ಎಷ್ಟು ತಿದ್ದಿದರೋ, ಬರೆಯುವಾಗ ನಾನೆಷ್ಟು ತಿದ್ದಿದೆನೋ.

"ಯಾರು ಕಟ್ಟಿದ್ದು ಇದನ್ನ?"

"ನಿಮ್ಮ ಸೊಸಿ."

"ನಿನಗ ಬರಂಗಿಲ್ಲೇನು?"

"ಇಷ್ಟು ನೆಟ್ಟಗ ಬರಂಗಿಲ್ಲಪ್ಪ."

"ಹಂಗಾದ್ರ ಕೊರಳು ನಿಂದು, ಗಂಟು ಆಕಿದು."

ಕಂಡಕ್ಟರ್ ಕಿಸಕ್ಕನೆ ನಕ್ಕನಂತೆ. ಮಾವನವರು ನಗಲಿಲ್ಲ. ಹತ್ತಿಯ ಎಳೆ ಪರೀಕ್ಷಿಸುವವರ ಹಾಗೆ ಟೈಯ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ ನೋಡಿ, "ಬೂದಿ ಬಿದ್ರೂ ಕಾಣಂಗಿಲ್ಲ," ಎಂದಷ್ಟೇ ಹೇಳಿ ಕಿಟಕಿಯತ್ತ ತಿರುಗಿದರಂತೆ. ಅದು ಮೆಚ್ಚುಗೆಯೋ ಚುಚ್ಚುಮಾತೋ ಇವರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ಬಟ್ಟೆಗಳ ಜೊತೆ ನಾನಿಡುತ್ತಿದ್ದ ಟ್ರಂಕಿನಲ್ಲಿ ಟೈ ಇರಲಿಲ್ಲ. ಈ ಮನೆಯಲ್ಲಿ ಕೊರಳಿಗೆ ಹಾಕುವುದನ್ನು ಬಟ್ಟೆಗಳ ಜೊತೆ ಇಡುವುದಿಲ್ಲ. ಲಿಂಗ ಕಟ್ಟುವ ಹೊಸ ಶಿವದಾರ, ರುದ್ರಾಕ್ಷಿ ಎಲ್ಲವೂ ದೇವರ ಕೋಣೆಯ ಗೂಟಕ್ಕೇ. ಟೈ ಅವುಗಳ ನಡುವೆ ತೂಗುತ್ತಿತ್ತು. ನಾನು ಹಾಕಿದ ಗಂಟು ಹಾಗೇ ಇತ್ತು.

"ನಾನಲ್ಲವ್ವ," ಎಂದರು ಅತ್ತೆ. "ನನಗದರ ತಲಿ ಯಾವುದು, ಬಾಲ ಯಾವುದು ಅಂತ್ಲೇ ತಿಳಿಯಂಗಿಲ್ಲ."

ಈಗ ಅದರ ಜಾಗ ಆ ಗೂಟವೇ. ಆದರೆ ಇವರು ಮಾತ್ರ ಅದನ್ನು ಅಲ್ಲಿಂದ ತೆಗೆದು ಜೇಬಿಗೇ ಹಾಕಿಕೊಳ್ಳುತ್ತಾರೆ. ಅದು ಕೊರಳಿಗೇರುವುದು ಇನ್ನೂ ಬಾತಿ ದಾಟಿದ ಮೇಲೆಯೇ. ನಾನೂ ಹಾಗೆಯೇ, ಅಪ್ಪನಿಗೆ ಕಾಗದ ಬರೆಯುವಾಗ "ಇದೆ", ಅಡುಗೆಮನೆಯಲ್ಲಿ "ಐತೆ".

ಮೊನ್ನೆ ಮಾವನವರು ಕನ್ನಡಿಯ ಮುಂದೆ ರುಮಾಲು ಸುತ್ತಿಕೊಳ್ಳುತ್ತಿದ್ದಾಗ ಕೇಳಿಯೇಬಿಟ್ಟೆ. ಅವರು ಕೊನೆಯ ಸುತ್ತು ಸಿಕ್ಕಿಸಿಕೊಂಡು ಮಂಡಿಗೆ ಹೊರಟರು. ಕೇಳುವಾಗ "ನಿಮ್ಮ ಮನೆ" ಅಂದೆನೋ "ನಮ್ಮ ಮನೆ" ಅಂದೆನೋ ನನಗೀಗ ಖಾತ್ರಿಯಿಲ್ಲ. ಆ ಒಂದು ಪದ ಬಿಟ್ಟರೆ ಕೇಳಿದ್ದು ಇಷ್ಟೇ:

"ಮಾವನವರೇ, ನಾಳೆಯಿಂದ ಇವರು ಮನೆಯಿಂದಲೇ ಹಾಕಿಕೊಂಡು ಹೋಗಲೇನ್ರಿ?"