ಹರಕೆ ಮುರಿದು ತಂಗಿ ಸಿಕ್ಕಿದಳು

ನನ್ನ ತಂಗಿ ಸಾವಿತ್ರಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲದೆ ಎರಡು ವರ್ಷ ಕಳೆದವಳು ನಾನು. ಶರಾವತಿ ಹಿನ್ನೀರು ಏರಿ ನಮ್ಮ ತವರೂರು ಮುಳುಗಿದಾಗ, ಅದೇ ಊರಿಗೆ ಕೊಟ್ಟಿದ್ದ ಅವಳ ಮನೆಯೂ ಹೋಯಿತು. ಸರ್ಕಾರ ತೋರಿಸಿದ ಜಾಗದಲ್ಲಿ ಕುಡಿಯಲು ನೀರಿಲ್ಲ ಅಂತ ಅಲ್ಲಿಂದಲೂ ಎದ್ದರಂತೆ. ಎಲ್ಲಿಗೆ ಹೋದರು ಅಂತ ಹೇಳುವವರಿಲ್ಲ.

ಅದೇ ಹೊತ್ತಿಗೆ ನಮ್ಮ ಯಜಮಾನರಿಗೆ ಬಸ್ ಡ್ರೈವರ್ ಕೆಲಸದಿಂದ ನಿವೃತ್ತಿ. ಈ ಮನುಷ್ಯರಿಗೆ ಸುಮ್ಮನೆ ಕೂತು ಗೊತ್ತೇ ಇಲ್ಲ. ಸಾಗರದ ಬಾಡಿಗೆ ಮನೆ ಬಿಟ್ಟು, ಹಳೇ ವ್ಯಾನೊಂದು ಕೊಂಡು, ಒಳಗೆ ಮಂಚ, ಸೀಮೆಎಣ್ಣೆ ಸ್ಟೌ, ಮನೆದೇವರು ಗಣಪತಿಗೊಂದು ಗೂಡು ಎಲ್ಲ ಮಾಡಿಸಿದರು. "ಇನ್ನು ನೆಂಟರ ಮನೆಗೆ ನಾವು ಮನೆ ಸಮೇತ ಹೋಗೋದು ಮಾರಾಯ್ತಿ!" ಅಂದರು. ಬಾಯಿಗೆ ಬಂದಂತೆ ಬೈದೆ. ಆದರೆ ತಂಗಿಯನ್ನು ಹುಡುಕಲು ಇದೊಂದು ದಾರಿಯಾಯಿತು ಅಂತ ಒಳಗೊಳಗೇ ಖುಷಿ. ಹೊರಟ ದಿನವೇ ಹರಕೆ ಹೊತ್ತೆ: ಸಾವಿತ್ರಿ ಸಿಗುವ ತನಕ ಮಾವಿನಮಿಡಿ ಉಪ್ಪಿನಕಾಯಿ ಮುಟ್ಟುವುದಿಲ್ಲ. ಅದು ಎಂಥ ಕಷ್ಟ ಅಂತ ನಮ್ಮ ಕಡೆಯವರನ್ನು ಕೇಳಬೇಕು.

ಹೊಸನಗರದ ಭಾವ, ತೀರ್ಥಹಳ್ಳಿಯ ದೊಡ್ಡಮ್ಮ, ಎಲ್ಲರೂ ಪ್ರೀತಿಯಿಂದ ಉಣ್ಣಿಸಿದರು. ಸಾವಿತ್ರಿ ಸುದ್ದಿ ಕೇಳಿದರೆ ಮಾತ್ರ "ಇಲ್ಲ ಕಣೇ." ಕಡೆಗೆ ಒಂದು ಬೆಳಿಗ್ಗೆ ತಡೆಯಲಾಗದೆ ಗಣಪತಿಗೇ ಕೇಳಿದೆ, "ಅಷ್ಟು ದೊಡ್ಡ ಕಿವಿ ಎಂತಕ್ಕೆ ಇಟ್ಕೊಂಡಿದೀಯಾ?"

"ದೇವರಿಗೆ ಬೈತಾರೇನೇ?" ಅಂದರು ಯಜಮಾನರು.

"ನಿಮಗೆ ಬೈದು ಬೈದು ಸಾಕಾಗಿದೆ!" ಅಂದವಳೇ ಅತ್ತುಬಿಟ್ಟೆ.

ಅವತ್ತೇ ಮಧ್ಯಾಹ್ನ, ಮತ್ತೊಮ್ಮೆ ದೊಡ್ಡಮ್ಮನ ಮನೆಗೆ ಅಂತ ಹೊಸನಗರ ದಾಟಿ ತೀರ್ಥಹಳ್ಳಿ ದಾರಿಯಲ್ಲಿ ಹೋಗುವಾಗ, ರೇಡಿಯೇಟರ್ ಕುದಿದು ವ್ಯಾನು ನಿಂತಿತು. ನೀರು ಕೇಳಲು ಹತ್ತಿರದ ಮನೆಗೆ ಹೋದೆವು. ಅಲ್ಲಿಯ ಅಜ್ಜಿ, "ಬರೀ ನೀರು ಕೊಟ್ಟು ಕಳಿಸ್ತಾರಾ? ಗಂಜಿ ಉಂಡು ಹೋಗಿ" ಅಂತ ಕೂರಿಸಿದರು. ಹಸಿವೆಯಲ್ಲಿ ನನಗೆ ಮೈಮೇಲೆ ಎಚ್ಚರವೇ ಇಲ್ಲ. ತಟ್ಟೆಯ ಬದಿಗೆ ಬಡಿಸಿದ್ದನ್ನು ಕಚ್ಚಿಯೇಬಿಟ್ಟೆ.

ಅಯ್ಯೋ ಪಾಪಿ ಬಾಯೇ! ಮಿಡಿ ಉಪ್ಪಿನಕಾಯಿ! ಉಗುಳಲು ಹೊರಟವಳು ಹಾಗೇ ಕೂತೆ. ಜೀರಿಗೆಯಂಥ ಆ ಪರಿಮಳ ನನಗೆ ಗೊತ್ತಿಲ್ಲವೇ?

"ರೀ, ಇದು ನಮ್ಮ ತವರಿನ ಹೊಳೆದಂಡೆ ಮರದ ಮಿಡಿ!"

"ಆ ಮರ ಮುಳುಗಿ ಎರಡು ವರ್ಷ ಆಯ್ತಲ್ಲೇ?"

ಅಜ್ಜಿ ಅಂದರು, "ಗುಡ್ಡದ ಮೇಲಿನ ಮನೆಯವಳು ಕೊಟ್ಟಿದ್ದು. ಮುಳುಗಡೆ ಕಡೆಯಿಂದ ಬಂದವ್ಳು. ಉಪ್ಪಲ್ಲಿ ಹಾಕಿದ್ದ ಮಿಡಿ, ಭರಣಿ ಸಮೇತ ಹೊತ್ಕೊಂಡು ಬಂದಿದ್ಲು."

ಎಂಜಲು ಕೈಯಲ್ಲೇ ಗುಡ್ಡ ಹತ್ತಿದೆ. ಸಾವಿತ್ರಿ ಅಂಗಳದಲ್ಲಿ ಭತ್ತ ಕೇರುತ್ತಿದ್ದಳು. ಸೊರಗಿಹೋಗಿದ್ದಳು, ಆದರೆ ಅವಳೇ. ತಬ್ಬಿಕೊಂಡು ಅತ್ತೆ, ಅಳುತ್ತಲೇ ಬೈದೆ, "ಒಂದು ಕಾಗದ ಬರೆಯಕ್ಕೆ ಏನಾಗಿತ್ತೇ ನಿಂಗೆ?"

ಅವಳು ಒಳಗೆ ಹೋಗಿ ಐದು ಕಾಗದ ತಂದಳು. ಎಲ್ಲದರ ಮೇಲೂ ನನ್ನ ಹೆಸರು, ಸಾಗರದ ವಿಳಾಸ. ಎಲ್ಲವೂ "ಮನೆ ಬಿಟ್ಟು ಹೋಗಿದ್ದಾರೆ" ಅಂತ ವಾಪಸ್ ಬಂದಿದ್ದವು.

"ನನ್ನ ಮನೆ ಮುಳುಗಿತು ಅಕ್ಕ, ಸರಿ. ನಿಂಗೆಂತ ಆಗಿತ್ತು? ಸತ್ತೇ ಹೋದ್ಯೇನೋ ಅಂತ ಎಷ್ಟು ಅತ್ತಿದೀನಿ ಗೊತ್ತಾ?"

ಪೋಸ್ಟ್ ಆಫೀಸಿನವರಿಗೆ ಒಂದು ಮಾತು ಹೇಳಿ ಹೊರಡಬೇಕು ಅಂತ ನನಗೂ ಯಜಮಾನರಿಗೂ ಹೊಳೆದಿರಲಿಲ್ಲ.

ಬಂಧುಗಳೇ, ಹರಕೆ ತೀರಿಸಿದರೆ ದೇವರು ಒಲಿಯುತ್ತಾನೆ ಅಂತ ನಂಬಿದ್ದೆ. ನನ್ನ ಗಣಪತಿ ಹರಕೆ ಮುರಿಸಿ ಒಲಿದ. ನಾನು ಮರೆತರೂ ಅವನು ಮರೆಯಲಿಲ್ಲ. ಅವತ್ತು ಸಂಜೆ ತಂಗಿ ದೀಪ ಹಚ್ಚಿದಳು, ನಾನು ಪಕ್ಕದಲ್ಲಿ ಕೈ ಮುಗಿದು ನಿಂತೆ. ಏನಾದರೂ ಬೇಡಿಕೊಳ್ಳೋಣ ಅಂದರೆ, ಕೇಳಲು ಎಂತದೂ ಉಳಿದಿರಲಿಲ್ಲ.