ಬಾಗಲಾ ಮುಚ್ಚಿಕೊಂಡು ಮಾತಾಡುವವರು

ಇವತ್ತು ಮುಂಜಾನೆ ಮಗ್ಗಲ ಮನಿಯವರು ಬೋರು ಹಾಕಿಸಾಕತ್ತಿದ್ದರು. ಹಸಿ ಕಲ್ಲಿನ ಪುಡಿ ವಾಸನಿ ನಮ್ಮ ಅಡಗಿ ಮನಿತನಕ ಬಂತು. ಮಂದಿಗೆ ಅದು ಬರೀ ರಾಡಿ. ನನಗ ಸುಜಾತಾ ನೆನಪಾದಳು. ದಿನಾ ಸಂಜಿಕ ಆಕಿ ಚೂಡಿದಾರ ಇದ ವಾಸನಿ ಹೊಡೀತಿತ್ತು.

ಆವಾಗ ಕೊಪ್ಪಳ ಜಿಲ್ಲಾ ಆಗಿ ಸ್ವಲ್ಪ ವರ್ಷ ಆಗಿತ್ತು. ಇರಕಲ್ಲಗಡದಾಗ ನಮ್ಮ ಮನಿ ಮುಂದಿನ ಖೋಲಿ ಖಾಲಿ ಇತ್ತು. ನೆಲದೊಳಗ ಯಾವ ಕಲ್ಲು ಐತಿ, ನೀರು ಎಲ್ಲಿ ನಿಂತೈತಿ ಅಂತ ನೋಡುವ ಸರಕಾರಿ ಮಂದಿ ಊರಿಗೆ ಬಂದರು. ಅವರೊಳಗ ಸುಜಾತಾ ಒಬ್ಬಾಕಿನ ಹೆಣ್ಣು, ಆ ಖೋಲಿ ಬಾಡಿಗಿಗೆ ಹಿಡದಳು. "ಭೂವಿಜ್ಞಾನಿ" ಅಂತ ಹೇಳಿಕೊಂಡಳು. ನಾ ಎರಡನೇ ಇಯತ್ತೆಗೆ ಸಾಲಿ ಬಿಟ್ಟಾಕಿ.

"ಕಲ್ಲು ಒಡಿಯಾಕ ಇಷ್ಟು ಓದಬೇಕೇನ?" ಅಂದೆ.

"ಒಡದ ಮ್ಯಾಲೆ ಏನೈತಿ ಅಂತ ಹೇಳಾಕ ಓದಬೇಕು ಬೇ" ಅಂತ ನಕ್ಕಳು.

ನಗುವವರನ್ನ ನಾ ಲಗೂ ನಂಬೂದಿಲ್ಲ. ಹಾಲಿನವ ನಕ್ಕರ ಹಾಲಿಗೆ ಬೆರಳು ಅದ್ದಿ ನೋಡತೀನಿ. ನನ್ನ ಗುಣಾನ ಅದು, ಏನು ಮಾಡೂದು.

ಬ್ಯಾಸಗಿಯೊಳಗ ಒಂದಿನ ಆಕಿ ಗುಡ್ಡದ ಮ್ಯಾಲೆ ಕಣ್ಣಿಗೆ ಕತ್ತಲಿ ಬಂದು ಬಿದ್ದಳು. ವಾರ ಕಳಿಯೂದರಾಗ ಮತ್ತ ಬಿದ್ದಳು. ಜೀಪಿನಾಗ ತಂದು ಇಳಿಸಿದ ಅವರ ಸಾಹೇಬ, "ಇನ್ನೊಮ್ಮೆ ಹಿಂಗಾದರ ಗುಡ್ಡ ಬ್ಯಾಡವಾ, ಕಚೇರಿಯೊಳಗ ಕುಂತು ನಕಾಶಿಗೆ ಬಣ್ಣ ಹಚ್ಚು" ಅಂದ. ಆಕಿ ಮಾರಿ ಸಪ್ಪಗಾತು. ಗುಡ್ಡ ಬಿಟ್ಟರ ಆಕಿ ಕಲತದ್ದೆಲ್ಲಾ ಮಣ್ಣು, ಅಷ್ಟು ನನಗೂ ತಿಳೀತು. ಆದರ ನನ್ನ ಅನುಮಾನಾನ ಬ್ಯಾರೆ. ಲಗ್ನ ಆಗದ ಹುಡುಗಿ ಮ್ಯಾಲಿಂದ ಮ್ಯಾಲೆ ಕಣ್ಣು ಕತ್ತಲಿಟ್ಟು ಬೀಳತಾಳಂದರ ಏನು? ನೀವ ಹೇಳ್ರಿ.

ಆ ಐತಾರ ಗಂಗಾವತಿ ಬಸ್ಸಿನಿಂದ ಕಮಲಾಬಾಯಿ ಅನ್ನಾಕಿ ಇಳಿದಳು. ಈಕಿಗತೆ ಕಲ್ಲು ನೋಡುವ ಸರಕಾರಿ ಕೆಲಸದಾಕಿ, ವಯಸ್ಸಿನಾಗ ಹಿರ್ಯಾಕಿ. ಇಬ್ಬರೂ ಒಳಗ ಹೋಗಿ ಬಾಗಲಾ ಮುಚ್ಚಿದರು. ಮುಂದಿನ ಐತಾರನೂ ಅದ ಕಥಿ. ಬೀಗತಿ ಅಲ್ಲ, ಒಂದ ಊರಲ್ಲ, ಇಂಥಾ ಬಿಸಲಾಗ ಯಾಕ ಬರ್ತಾಳ? ಪುಕ್ಕಟೆ ಬಂದದ್ದು ಪುಕ್ಕಟೆ ಇರೂದಿಲ್ಲ. ನಾ ಅಕ್ಕಿ ಮೊರ ತಗೊಂಡು ಬಾಗಲಾ ಮಗ್ಗಲಾಕ ಕುಂತೆ. ಆ ಅಕ್ಕಿಯೊಳಗ ಒಂದು ಹರಳೂ ಇರಲಿಲ್ಲ ಬಿಡ್ರಿ.

"ಗುಡ್ಡಕ್ಕ ಹೋದ ದಿನ ಎಷ್ಟು ನೀರು ಕುಡಿತಿ?" ಕಮಲಾಬಾಯಿ ಕೇಳಿದಳು.

"ಕುಡಿಯೂದ ಇಲ್ರಿ ಅಕ್ಕಾ. ಕುಡದರ ಹೋಗಬೇಕಾಗ್ತತಿ. ಬೋಳು ಗುಡ್ಡ, ಸುತ್ತ ಗಂಡಸರು. ಎಲ್ಲಿಗೆ ಹೋಗ್ಲಿ?"

"ನಾನೂ ಹಂಗ ಮಾಡಿ ದವಾಖಾನಿ ಸೇರಿದ್ದೆ. ಆವಾಗ ಕೇಳಾಕ ನನಗ ಯಾರೂ ಇರಲಿಲ್ಲ."

ಮೊರ ಕೈಯಾಗ ನಿಂತಿತು. ಊರಿಗೆ ನೀರು ಹುಡಕಾಕಿ ತಾನ ಒಣಗಾಕತ್ತಿದ್ದಳು. ನಾವು ಹೆಂಗಸರು ಬೆಳಕಾಗೂದರೊಳಗ ಜೋಡಿ ಕೂಡಿ ಬಯಲಿಗೆ ಹೋಗತಿದ್ದಿವಿ. ಒಬ್ಬಾಕಿ ಕುಂತರ ಇನ್ನೊಬ್ಬಾಕಿ ಕಾಯತಿದ್ದಳು. ಗುಡ್ಡದ ಮ್ಯಾಲೆ ಈಕಿಗೆ ಕಾಯಾಕ ಯಾರಿದ್ದರು?

ಬಾಗಲಾ ನೂಕಿದೆ. "ನೀನ ಹೋಗಿ ಆ ಸಾಹೇಬಗ ಹೇಳು" ಅಂತ ಕಮಲಾಬಾಯಿಗೆ ಅಂದೆ.

"ಅಯ್ಯ, ಕೇಳಸಿಕೊಂತಿದ್ರೇನ್ರಿ?"

"ನನ್ನ ಮನಿ, ನನ್ನ ಬಾಗಲಾ, ನನ್ನ ಕಿವಿ."

"ನಾ ಹೇಳಿದರ ದಿನಾ ನಾನ ಬರಬೇಕಾಗ್ತತಿ ಅಮ್ಮಾ. ಆಕಿನ ಹೇಳಲಿ" ಅಂದಳು. ಛಲೋ ಜಾರಕೊಂಡಳು ಅಂದಕೊಂಡೆ.

ಸೋಮಾರ ಜೀಪು ಬಂತು. ಸುಜಾತಾ ಹತ್ತಲಿಲ್ಲ. "ಸರ್, ಜೀಪಿನಾಗ ಒಂದು ಸಣ್ಣ ತಂಬು ಇರಬೇಕ್ರಿ. ಹೋದಲ್ಲೆಲ್ಲಾ ನನಗ ಮರೆಯಾಗಾಕ ಹೂಡಬೇಕು."

"ನಿನ್ನೊಬ್ಬಾಕಿ ಸಲುವಾಗಿ?"

ಹಿಂದ ಕುಂತವರು ಕಿಸಕ್ಕಂದರು. ಆಕಿ ಜೀಪಿನ ಮುಂದಿಂದ ಸರಿಯಲಿಲ್ಲ. "ಹೌದ್ರಿ. ತಂಬು ಇದ್ದರ ನೀರು ಕುಡಿತೀನಿ, ಕುಡದರ ಬೀಳೂದಿಲ್ಲ. ಮುಂದ ಇನ್ನೊಬ್ಬಾಕಿ ಬಂದರ ಆಕಿಗೂ ಬೇಕಾಗ್ತತಿ."

ನಗಿ ನಿಂತಿತು. ಮರುದಿನ ತಂಬು ಬಂತು. ಆಕಿ ಗುಡ್ಡ ಬಿಡಲಿಲ್ಲ.

ಈಗ ಆ ಖೋಲಿಯೊಳಗ ಅದ ಕೆಲಸದ ಮತ್ತೊಂದು ಹುಡುಗಿ ಅದಾಳ. ಸುಜಾತಾ ಐತಾರಕ್ಕೊಮ್ಮೆ ಬಂದು ಆಕಿ ಜೋಡಿ ಬಾಗಲಾ ಮುಚ್ಚತಾಳ. ಸುಜಾತಾಗ ಕೂದಲಾ ಬೆಳ್ಳಗಾಗಾಕತ್ಯಾವ, ನನಗ ಕಿವಿ ಮಂದ ಆಗ್ಯಾವ. ಬಾಗಲಾ ಮುಚ್ಚಿದ್ದರ ಮುಚ್ಚಿರಲಿ ಅಂತ ಬಿಟ್ಟೀನಿ. ಅನುಮಾನ ಮಾತ್ರ ಹೋಗಿಲ್ಲ. ದಿನಾ ಜೀಪು ಬಂದು ನಿಂತಕೂಡಲೆ ಕೋಲು ಊರಿಕೊಂಡು ಹೋಗತೀನಿ.

"ತಂಬು ಐತೇನಪಾ?"

"ಐತಿ ಬೇ, ನಿನ್ನೆ ತೋರಿಸಿದ್ನಲ್ಲಾ" ಅಂತಾನ ಡ್ರೈವರ.

"ನಿನ್ನೆ ತೋರಿಸಿದ್ದು ನಿನ್ನಿಗೆ. ತಗಿ, ಹಿಂದಿನ ಬಾಗಲಾ ತಗಿ."