ಸೊನ್ನೆಯಾದ ಒಂದು

ಲಿಂಗರಾಜಪುರದ ಅಂಜನಮೂರ್ತಿ ಶಿವಾಜಿನಗರದ ಗಲ್ಲಿಯೊಂದರಲ್ಲಿ ಗಾಡಿಗಳಿಗೆ ನಂಬರ್ ಬೋರ್ಡ್ ಬರೆದು ಬದುಕಿದವನು. ಯಾರ ಗಾಡಿಗೂ ಒಂದಂಕಿ ತಪ್ಪು ಬರೆದವನಲ್ಲ. ಸ್ಟಿಕರ್ ಬಂದು ಆ ಕಸುಬು ನಿಂತ ಮೇಲೆ, ಇಂದಿರಾನಗರದ ಶಾಲೆಗೆ ವ್ಯಾನ್ ಓಡಿಸುತ್ತಿದ್ದ ಅಹ್ಮದ್ ಪಾಷಾ ಅವನನ್ನು ಡ್ರೈವರ್ ಕೆಲಸಕ್ಕೆ ಕರೆದ. "ಸಂಜೆಯೊಳಗೆ ಲೈಸೆನ್ಸ್ ತೋರಿಸು ಮೂರ್ತಿ, ಇಲ್ಲಾಂದ್ರೆ ಬೇರೆಯವ್ರನ್ನ ನೋಡ್ಕೋತೀನಿ."

ಲೈಸೆನ್ಸ್ ಸಂಚಾರ ಠಾಣೆಯಲ್ಲಿತ್ತು. ಹಲಸೂರಿನ ಹತ್ತಿರ ಸ್ಕೂಟರಿನಲ್ಲಿ ಸಿಗ್ನಲ್ ಹಾರಿಸಿದ್ದಕ್ಕೆ ಪೊಲೀಸರು ಕಿತ್ತುಕೊಂಡಿದ್ದರು. ತಪ್ಪು ತನ್ನದೇ; ದಂಡ ಕಟ್ಟಲು ಅವನಿಗೆ ತಕರಾರಿರಲಿಲ್ಲ. ಆದರೆ ಠಾಣೆಯಲ್ಲಿ ದುಡ್ಡು ಮುಟ್ಟುವುದಿಲ್ಲವಂತೆ. ಈಗೆಲ್ಲ ಕಂಪ್ಯೂಟರು. ಸೇವಾ ಕೇಂದ್ರದಲ್ಲಿ ಕಟ್ಟಿ ರಸೀದಿ ತರಬೇಕು.

ಕೇಂದ್ರದಲ್ಲಿ ಸರ್ವರ್ ಡೌನ್. ಬೆವರು, ಫಿನಾಯಿಲು, ಯಾರದೋ ಟಿಫನ್ ಡಬ್ಬಿಯ ಹಳಸಿದ ವಾಸನೆ. ಮಧ್ಯಾಹ್ನ ಕಳೆದ ಮೇಲೆ ಪರದೆಗೆ ಜೀವ ಬಂತು. ಕೌಂಟರಿನ ಹುಡುಗಿ ನಂಬರ್ ಹೊಡೆದು, "ನಿಮ್ಮ ಗಾಡಿ ಮೇಲೆ ಕೇಸೇ ಇಲ್ಲ ಅಂಕಲ್" ಅಂದಳು.

"ಕೇಸಿಲ್ದೆ ಲೈಸೆನ್ಸ್ ಯಾಕಮ್ಮ ಇಟ್ಕೊಂಡಿದಾರೆ?"

"ಅದು ನಂಗೊತ್ತಿಲ್ಲ. ಸಿಸ್ಟಮ್‌ನಲ್ಲಿ ಇಲ್ಲ."

ಹಿಂದೆ ನಿಂತವನು ನಕ್ಕ. "ಕೇಸಿಲ್ಲ ಅಂದ್ರೆ ಸ್ವೀಟ್ ಹಂಚ್ಬಿಟ್ಟು ಹೋಗು ಗುರು, ನಮ್ಗೂ ಟೈಮಾಯ್ತು."

ಅಂಜನಮೂರ್ತಿಗೆ ತಟ್ಟನೆ ಹೊಳೆಯಿತು. ಸ್ಕೂಟರಿನ ಬೋರ್ಡನ್ನು ಅವನೇ ಕನ್ನಡದ ಅಂಕಿಗಳಲ್ಲಿ ಬರೆದುಕೊಂಡಿದ್ದ. ಕನ್ನಡದ ೧ ಕೆಳಗೆ ಬಾಯಿ ತೆರೆದ ಸೊನ್ನೆಯಂತಿರುತ್ತದೆ. ಪೊಲೀಸಪ್ಪ ಆ ಬಾಯಿ ನೋಡದೆ ಸೊನ್ನೆಯೆಂದೇ ಬರೆದುಕೊಂಡಿದ್ದಾನೆ.

"ಒಂದರ ಜಾಗಕ್ಕೆ ಸೊನ್ನೆ ಹೊಡಿಯಮ್ಮ."

ಕೇಸು ಬಂತು. ಅದೇ ದಿನ, ಅದೇ ಸಿಗ್ನಲ್. ಯಾರದೋ ಗಾಡಿಯ ನಂಬರಿಗೆ ದಂಡ ಕಟ್ಟಿ, ರಸೀದಿ ಹಿಡಿದು ಠಾಣೆಗೆ ಓಡಿದ.

ಪೇದೆ ರಸೀದಿ ತಿರುಗಿಸಿ ನೋಡಿದ. "ಬೋರ್ಡಿಗೂ ಇದಕ್ಕೂ ಟ್ಯಾಲಿ ಆಗ್ಬೇಕು. ಗಾಡಿ ಹೊರಗಿದೆಯಾ?"

"ಸಾರ್, ನೀವು ಬರ್ಕೊಂಡಿದ್ದೇ ತಪ್ಪು. ಅದು ಒಂದು, ಸೊನ್ನೆ ಅಲ್ಲ."

"ಹಂಗಾದ್ರೆ ತಿದ್ದಕ್ಕೆ ಅರ್ಜಿ ಕೊಡು. ಸಾಹೇಬ್ರು ಸೋಮವಾರ ಬರ್ತಾರೆ. ಟ್ಯಾಲಿ ಆದ್ರೆ ಈಗ್ಲೇ ತಗೊಂಡ್ಹೋಗು. ಟೀ ಕುಡ್ದು ಬಂದು ನೋಡ್ತೀನಿ."

ಸಂಜೆಯ ಬಿಸಿಲು ಆಗಲೇ ಗೋಡೆ ಹತ್ತುತ್ತಿತ್ತು. ಅಂಜನಮೂರ್ತಿ ಹೊರಗೆ ಹೋಗಿ ಸ್ಕೂಟರಿನ ಮುಂದೆ ಕುಕ್ಕರುಗಾಲಲ್ಲಿ ಕೂತ. ಚರಂಡಿಯಂಚಿನ ಕಪ್ಪು ಕೆಸರನ್ನು ಹೆಬ್ಬೆರಳಲ್ಲಿ ತೆಗೆದು, ತಾನೇ ತಿದ್ದಿ ತೀಡಿ ಬರೆದ ೧ರ ಬಾಯಿಗೆ ಮೆತ್ತಿದ. ಮಗುವಿನ ಬಾಯಿ ಒತ್ತಿ ಹಿಡಿದಂತೆ ಅನ್ನಿಸಿ ಮೈಯೆಲ್ಲ ಹೇಸಿತು. ಕೈ ಮಾತ್ರ ಅಭ್ಯಾಸಬಲದಿಂದ ಅಂಚನ್ನು ದುಂಡಗೆ ಮಾಡಿತು.

ಪೇದೆ ಬಂದು ಬಗ್ಗಿ ನೋಡಿ ಲೈಸೆನ್ಸ್ ಕೊಟ್ಟ. "ಅಂಕಿ ಮುತ್ತಿನಂಗಿದೆ ಕಣಯ್ಯಾ! ಯಾರು ಬರ್ದಿದ್ದು?"

"ಗೊತ್ತಿಲ್ಲ ಸಾರ್" ಎಂದ ಅಂಜನಮೂರ್ತಿ, ಕೆಸರಿನ ಬೆರಳನ್ನು ಮುಷ್ಟಿಯೊಳಗೆ ಮಡಿಸಿಕೊಂಡು.